ಫಾಂಟ್ 18 ಹಾಗೇ ಇರಲಿ ಅಂದೆ

ಕೆಲಸ ಬಿಟ್ಟು ಕಂಪ್ಯೂಟರ್ ಸೆಟ್ಟಿಂಗ್ಸ್ ತಿದ್ದುತ್ತಾ ಕೂರುವವರ ಪ್ರಕರಣಗಳು ಆಪ್ತಸಮಾಲೋಚಕಿಯಾದ ನನ್ನ ಬಳಿ ಈಚೆಗೆ ಜಾಸ್ತಿ ಬರುತ್ತಿವೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಹುಡುಗನಿಗೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ರಾತ್ರಿ ಎರಡರವರೆಗೂ ಲ್ಯಾಪ್‌ಟಾಪ್ ಮುಂದೆ, ಆದರೆ ಕೋಡ್ ಮುಂದೆ ಹೋಗುತ್ತಿರಲಿಲ್ಲ. ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್‌ಗೆ ಹೊಸ ಥೀಮ್, ಹೊಸ ಶಾರ್ಟ್‌ಕಟ್, ಇನ್ನೊಂದು ಎಕ್ಸ್‌ಟೆನ್ಶನ್. ನಡುವೆ ಅಂಥದ್ದೇ ಇನ್ನೊಂದು ಎಡಿಟರ್ ನಿಯೋವಿಮ್‌ಗೆ ಹೋಗಿ ವಾಪಸ್ ಬಂದಿದ್ದ. "ಸೋಮಾರಿ ಆಗ್ಬಿಟ್ಟಿದ್ದೀನಿ ಮೇಡಂ" ಅಂದ. ಅಷ್ಟು ಹೊತ್ತು ಕೂರುವವನು ಸೋಮಾರಿ ಹೇಗಾದಾನು?

ಒಂದು ಸಲ ಲ್ಯಾಪ್‌ಟಾಪ್ ತರಲು ಹೇಳಿದೆ. "ಏನೇನು ಬದಲಾಯಿಸಿದ್ದೀರಿ, ತೋರಿಸಿ." ಸೆಟ್ಟಿಂಗ್ಸ್ ಹುಡುಕಾಟದಲ್ಲಿ '@modified' ಅಂತ ಟೈಪ್ ಮಾಡಿದ. ಬದಲಾಗಿದ್ದಷ್ಟೇ ಸಾಲಾಗಿ ಬಂತು. ಒಂದೊಂದಕ್ಕೂ ಯಾಕೆ ಅಂತ ಕೇಳುತ್ತಾ ಹೋದೆ.

ಫಾಂಟ್ ಗಾತ್ರ 14 ಇದ್ದದ್ದು 18. "ಕಣ್ಣು ನೋಯುತ್ತೆ."

ಕರ್ಸರ್ ಮಿಟುಕುವುದು ಬಂದ್. "ತಲೆನೋವು ಬರುತ್ತೆ."

ಮುಂದಿನ ಹತ್ತಾರಕ್ಕೂ ಒಂದೇ ಉತ್ತರ: "ಯೂಟ್ಯೂಬ್‌ನಲ್ಲಿ ಯಾರೋ ಹಾಕಿದ್ರು."

'ಫಾರ್ಮ್ಯಾಟ್ ಆನ್ ಸೇವ್' ಬಂದಾಗ ಮಾತ್ರ ತಡವರಿಸಿದ. ಸೇವ್ ಮಾಡಿದಾಗಲೆಲ್ಲ ಕೋಡ್ ಸಾಲುಗಳ ಜೋಡಣೆಯನ್ನು ತಾನೇ ತಿದ್ದುವ ಸೆಟ್ಟಿಂಗ್ ಅದು. ಅದು ಮೊದಲು ಆಫ್ ಇರುತ್ತದಂತೆ, ಇವನು ಆನ್ ಮಾಡಿದ್ದ. ಎರಡು ಸಾಲಿನ ಬಗ್ ಸರಿಮಾಡಿ ಸೇವ್ ಕೊಟ್ಟಿದ್ದಾನೆ, ಇಡೀ ಫೈಲ್‌ನ ಜೋಡಣೆಯೇ ಬದಲಾಗಿದೆ. ಟೀಮಿನವರು ಕೋಡ್ ಓದಿ ಪರಿಶೀಲಿಸುವ ರಿವ್ಯೂಗೆ ಹೋದಾಗ ನೂರಾರು ಸಾಲು ತಿದ್ದಿದಂತೆ ಕಂಡಿದೆ. "ಇದನ್ನ ಯಾರ್ರೀ ಓದೋದು?" ಅಂತ ಟೀಮ್ ಲೀಡ್ ಎಲ್ಲರೆದುರು ಕೇಳಿದ್ದರು.

ಆಮೇಲೆ ಅವನೇ ಅಂದ: "ಸೆಟ್ಟಿಂಗ್ ಮಾಡ್ಕೊಂಡು ಕೂತ್ರೆ ಹಾಯಾಗಿರುತ್ತೆ ಮೇಡಂ. ಅದನ್ನ ಯಾರೂ ರಿವ್ಯೂ ಮಾಡಲ್ಲ."

ಎಲ್ಲವನ್ನೂ ಮೊದಲಿಂದ ಬರುವ ಡೀಫಾಲ್ಟ್‌ಗೆ ಹಾಕಿಸಿಬಿಡಬೇಕಿತ್ತು ಅಂತ ಸಹೋದ್ಯೋಗಿಯೊಬ್ಬರು ಆಮೇಲೆ ನನಗೆ ಹೇಳಿದರು. ನಾನು ಒಪ್ಪಲ್ಲ. ಡೀಫಾಲ್ಟ್ ಇಟ್ಟವರು ಇವನ ಕಣ್ಣು ನೋಡಿ ಇಟ್ಟಿಲ್ಲ. ಹೆಚ್ಚು ಜನಕ್ಕೆ ಆದೀತು ಅನ್ನುವ ಅಂದಾಜು ಅದು, ವ್ರತವಲ್ಲ. ಸೆಟ್ಟಿಂಗ್ಸ್ ಕಿತ್ತುಕೊಂಡರೆ ರಿವ್ಯೂ ಭಯ ಹೋಗುತ್ತಾ? ನಾಳೆ ಮೇಜು ಒರೆಸುತ್ತಾ ಕೂರುತ್ತಾನೆ ಅಷ್ಟೇ.

ಹಾಗಾಗಿ ಹೇಳಿದ್ದು ಇಷ್ಟು. ಹೊಸ ಪ್ರೊಫೈಲ್, ಅಂದರೆ ಸೆಟ್ಟಿಂಗುಗಳ ಬೇರೆ ಕಟ್ಟು, ಮಾಡಿ, ಫಾಂಟ್ ಮತ್ತು ಕರ್ಸರ್ ಮಾತ್ರ ಅಲ್ಲಿಗೆ ತನ್ನಿ. ಹಳೇದನ್ನು ಅಳಿಸಬೇಡಿ. ಕೆಲಸದ ನಡುವೆ ಏನಾದರೂ ಕಿರಿಕಿರಿ ಆದರೆ ಚೀಟಿಯಲ್ಲಿ ಬರೆದಿಡಿ. ಅದೇ ಕಿರಿಕಿರಿ ಮೂರು ಸಲ ಬಂದರೆ ಶನಿವಾರ ಬದಲಾಯಿಸಿ.

ಇನ್ನೊಂದು ಕಷ್ಟದ್ದು. ಪ್ರಾಜೆಕ್ಟ್ ಫೋಲ್ಡರ್‌ನಲ್ಲೇ ಸೆಟ್ಟಿಂಗ್ಸ್ ಫೈಲ್ ಇಟ್ಟರೆ ಅದು ಸ್ವಂತ ಸೆಟ್ಟಿಂಗನ್ನು ಮೀರಿ ನಡೆಯುತ್ತದೆ ಅಂತ ಅವನೇ ವಿವರಿಸಿದ್ದ. "ಹಾಗಾದ್ರೆ ಅಂಥ ಫೈಲ್ ಇಡೋಣವಾ ಅಂತ ನಿಮ್ಮ ಲೀಡ್ ಹತ್ರ ಕೇಳಿ" ಅಂದೆ.

"ಅವರ ಹತ್ರಾನಾ?"

ಎರಡು ಸಾಲಿನ ಮೆಸೇಜ್ ಅಲ್ಲೇ ಕೂತು ಬರೆದೆವು. ಕಳಿಸಲು ಒಂದು ವಾರ ತಗೊಂಡ. ನೀನೇ ಫೈಲ್ ಮಾಡಿ ರಿವ್ಯೂಗೆ ಹಾಕು ಅಂತ ಲೀಡ್ ಉತ್ತರ ಕೊಟ್ಟರಂತೆ.

"ಎರಡು ಕಾಮೆಂಟ್ ಬಂತು ಮೇಡಂ. ಒಂದು ಒಪ್ಕೊಂಡೆ. ಇನ್ನೊಂದಕ್ಕೆ ಇನ್ನೂ ವಾದ ನಡೀತಿದೆ."