ಪಹಣಿ ಪಿಡಿಎಫ್ ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಫಾರ್ಮ್ಯಾಟ್ ಬೇಡ

ಅಣ್ಣಾ, ಪಹಣಿ ಪಿಡಿಎಫ್ ಒತ್ತಿದರೆ ನೋಟ್‌ಪ್ಯಾಡ್ ತೆರೆದು ತಲೆಬುಡವಿಲ್ಲದ ಅಕ್ಷರ ಬರುತ್ತಿದೆ, ಹೊಳಲ್ಕೆರೆಯಲ್ಲಿ ಅಂಗಡಿಯವರು ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿ ಅಂದರು ಅಂತ ಬರೆದಿದ್ದೀರಿ. ದಯವಿಟ್ಟು ಮಾಡಿಸಬೇಡಿ. ಬ್ಯಾಕಪ್ ಇಲ್ಲದಿದ್ದರೆ ಅಡಿಕೆ ತೋಟದ ಅಷ್ಟೂ ಲೆಕ್ಕ, ಫೋಟೋ ಸುಮ್ನೆ ಹೋಗುತ್ತವೆ.

ಮೊದಲು ಫೈಲ್ ಸರಿಯಿದೆಯಾ ನೋಡಿ. ನೋಟ್‌ಪ್ಯಾಡ್‌ನಲ್ಲಿ ತೆರೆದಿದ್ದು ಇದಕ್ಕೆ ಅನುಕೂಲವೇ ಆಯಿತು. ಮೊದಲ ಸಾಲಿನ ಶುರುವಿನಲ್ಲೇ ಶೇಕಡಾ ಚಿಹ್ನೆ, ಅದಕ್ಕೆ ಅಂಟಿಕೊಂಡು ಇಂಗ್ಲಿಷಿನಲ್ಲಿ ಪಿಡಿಎಫ್ ಅಂತ ಇದ್ದರೆ ಅದು ಪಿಡಿಎಫ್ ಫೈಲೇ. ಎಚ್‌ಟಿಎಂಎಲ್ ಅಂತ ಕಂಡರೆ ಪಹಣಿ ಬದಲು ಸೈಟಿನ ಯಾವುದೋ ಪುಟ ಇಳಿದಿದೆ. ಮತ್ತೆ ಡೌನ್‌ಲೋಡ್ ಮಾಡಬೇಕು ಅಷ್ಟೇ.

ಫೈಲ್ ಸರಿಯಿದ್ದರೆ ರೈಟ್ ಕ್ಲಿಕ್, ಓಪನ್ ವಿತ್, ಚೂಸ್ ಅನದರ್ ಆಪ್. ಎಡ್ಜ್ ಅಥವಾ ಅಡೋಬಿ ರೀಡರ್ ಆರಿಸಿ. ವಿಂಡೋಸ್ 11ರಲ್ಲಿ ಆಲ್ವೇಸ್ ಒತ್ತಿ, 10ರಲ್ಲಿ ಕೆಳಗಿನ ಚೌಕಕ್ಕೆ ಟಿಕ್ ಹಾಕಿ ಓಕೆ ಕೊಡಿ. ಮನೆಯಲ್ಲಿ ಯಾರೋ ನೋಟ್‌ಪ್ಯಾಡ್ ಆರಿಸಿ ಇದೇ ಟಿಕ್ ಹಾಕಿರಬೇಕು.

ಫೈಲ್ ಹೆಸರಿನ ಕೊನೆಯ ಬಾಲ (.pdf ತರಹದ್ದು) ಬದಲಿಸಿ ನೋಡಿ ಅಂತ ಗುಂಪಿನಲ್ಲಿ ಒಬ್ಬರು ಹೇಳಿದ್ದಾರೆ, ಅದು ಬೇಡ. ಹೆಸರು ಬದಲಾದರೆ ಒಳಗಿನ ಸರಕು ಬದಲಾಗಲ್ಲ. ಆದರೆ ಬಾಲ ಕಾಣುವ ಹಾಗೆ ಇಟ್ಟುಕೊಳ್ಳಿ: ವಿಂಡೋಸ್ 11ರಲ್ಲಿ ಫೋಲ್ಡರ್‌ನ ವ್ಯೂ, ಶೋ, ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್; 10ರಲ್ಲಿ ವ್ಯೂ ಒಳಗೇ ಅದರ ಟಿಕ್ ಇದೆ. ಪಿಡಿಎಫ್ ಅಂತ ಬಂದ ಬಿಲ್ಲಿನ ಹೆಸರು ಇಎಕ್ಸ್‌ಇ ಅಂತ ಮುಗಿದರೆ ಅದು ಬಿಲ್ಲಲ್ಲ, ಪ್ರೋಗ್ರಾಂ. ತೆರೆಯಬೇಡಿ, ಅಳಿಸಿ.

ನನಗೆ ಜಾಸ್ತಿ ಚಿಂತೆ ನಿಮ್ಮ ಇನ್ನೊಂದು ಫೈಲಿನದು, ಹನಿ ನೀರಾವರಿ ಪಟ್ಟಿಯ ಸಿಎಸ್‌ವಿ (ಕಾಲಂಗಳನ್ನು ಕಾಮಾ ಹಾಕಿ ಬೇರೆ ಮಾಡಿದ ಬರೀ ಅಕ್ಷರದ ಫೈಲ್). ಅದು ಎಕ್ಸೆಲ್‌ನಲ್ಲಿ ತೆರೆಯುತ್ತದೆ, ಎಲ್ಲಾ ಸರಿ ಅನ್ನಿಸುತ್ತದೆ. ಆದರೆ ಸರ್ವೆ ನಂಬರ್ 12/3 ಇದ್ದ ಕಡೆ 12-ಮಾರ್ಚ್ ಅಂತಲೋ, ಕಂಪ್ಯೂಟರ್ ಸೆಟ್ಟಿಂಗ್ ನೋಡಿಕೊಂಡು 3-ಡಿಸೆಂಬರ್ ಅಂತಲೋ ತಾರೀಖು ಕೂತಿರುತ್ತದೆ. ಕನ್ನಡ ಹೆಸರುಗಳೂ ಕೆಡಬಹುದು. ಹಾಗೇ ಸೇವ್ ಮಾಡಿದರೆ ಮೂಲ ನಂಬರೇ ಹೋಯಿತು, ಆಮೇಲೆ ಅರ್ಜಿಗೆ ತಪ್ಪು ನಂಬರ್ ಹೋಗುತ್ತದೆ. ಅದಕ್ಕೇ ಡಬಲ್ ಕ್ಲಿಕ್ ಬೇಡ. ಖಾಲಿ ಎಕ್ಸೆಲ್ ತೆರೆದು ಡೇಟಾ ಮೆನುವಿನಲ್ಲಿ ಫ್ರಮ್ ಟೆಕ್ಸ್ಟ್/ಸಿಎಸ್‌ವಿ ಒತ್ತಿ, ಕನ್ನಡ ಅಕ್ಷರ ಕೆಡದ ಹಾಗೆ ಫೈಲ್ ಒರಿಜಿನ್ 65001 ಯುಟಿಎಫ್-8 ಆರಿಸಿ. ಆಮೇಲೆ ಟ್ರಾನ್ಸ್‌ಫಾರ್ಮ್ ಡೇಟಾಗೆ ಹೋಗಿ ಸರ್ವೆ ನಂಬರ್ ಕಾಲಂ ಅನ್ನು ಟೆಕ್ಸ್ಟ್ ಮಾಡಿ, ಕೇಳಿದರೆ ರಿಪ್ಲೇಸ್ ಕರೆಂಟ್ ಕೊಡಿ, ಕೊನೆಗೆ ಕ್ಲೋಸ್ ಅಂಡ್ ಲೋಡ್ ಒತ್ತಿ. ಈಗಾಗಲೇ ಸೇವ್ ಆಗಿದ್ದರೆ ಕಳಿಸಿದವರ ಹತ್ತಿರ ಮತ್ತೆ ಕೇಳಿ ತರಿಸಿಕೊಳ್ಳಿ.

ಪಿಡಿಎಫ್ ಇಷ್ಟಾದರೂ ತೆರೆಯದಿದ್ದರೆ ನೋಟ್‌ಪ್ಯಾಡ್‌ನ ಮೊದಲ ಸಾಲಿನ ಫೋಟೋ ಇಲ್ಲೇ ಹಾಕಿ. ಪಹಣಿಯ ಫೋಟೋ ಮಾತ್ರ ಗುಂಪಿಗೆ ಹಾಕಬೇಡಿ.