ಚಟ್ಟಿಯ ಆರೆಂಜ್ ಯಾಕೆ ಇಷ್ಟು ಹುಳಿ?

ಪ್ರಶ್ನೆ: ನರ್ಸರಿಯಿಂದ ಆರೆಂಜ್ ಗಿಡ ಅಂತ ತಂದು ಚಟ್ಟಿಯಲ್ಲಿ ಇಟ್ಟಿದ್ದೇವೆ. ಗಿಡ ತುಂಬ ಕಾಯಿ, ಆದ್ರೆ ಹಣ್ಣಾದ್ರೂ ಹಣ್ಣಡಿಕೆಯಷ್ಟೇ ದೊಡ್ಡ, ಬಾಯಿಗೆ ಹಾಕಿದ್ರೆ ಹಲ್ಲು ಚುಳಿ ಆಗ್ತದೆ. ಸಿಹಿ ಆಗ್ಲಿಕ್ಕೆ ಯಾವ ಗೊಬ್ಬರ ಹಾಕ್ಬೇಕು, ಅಲ್ಲ ಕಡಿದು ಬಿಸಾಡುದಾ?
- ಓದುಗರೊಬ್ಬರು, ಪೆರ್ಲ

ಉತ್ತರ: ಕಡಿಬೇಡಿ ಮಾರಾಯ್ರೆ! ನೀವು ಹೇಳುದು ನೋಡಿದ್ರೆ ಅದು ಕ್ಯಾಲಮಾಂಡಿನ್, ಮ್ಯಾಂಡರಿನ್ ಕಿತ್ತಳೆಗೂ ಕುಮ್ಕ್ವಾಟ್ ಅಂತ ಚೀನಾದ ಸಣ್ಣ ಹಣ್ಣಿಗೂ ಹುಟ್ಟಿದ ಹೈಬ್ರಿಡ್. ಹುಳಿ ಅದರ ಜಾತಿಗುಣ, ಯಾವ ಗೊಬ್ಬರ ಹಾಕಿದ್ರೂ ಸಿಹಿ ಆಗುದಿಲ್ಲ. ಬೀಜ ಸೀಳಿ ನೋಡಿ, ಒಳಗೆ ಹಸಿರು ಇದ್ರೆ ಹೆಚ್ಚುಕಮ್ಮಿ ಅದೇ. ಸಿಪ್ಪೆ ಮಾತ್ರ ತೆಳು, ಸ್ವಲ್ಪ ಸಿಹಿ, ತಿನ್ಲಿಕ್ಕೆ ಆಗ್ತದೆ, ಅದು ಕುಮ್ಕ್ವಾಟಿನ ಕಡೆಯಿಂದ ಬಂದದ್ದು.

ಇದನ್ನು ಆರೆಂಜ್ ಅಂತ ತಿನ್ಲಿಕ್ಕೆ ಹೋಗ್ಬೇಡಿ, ಲಿಂಬೆ ಅಂತ ಬಳಸಿ. ಫಿಲಿಪೈನ್ಸಿನವರು ಇದನ್ನು ಕಲಮಾನ್ಸಿ ಅಂತಾರೆ, ಹಣ್ಣಾಗುವವರೆಗೆ ಕಾಯುದೇ ಇಲ್ಲ, ಹಸಿರು ಇರುವಾಗ್ಲೇ ಕೊಯ್ದು ನೂಡಲ್ಸಿಗೆ, ಮೀನಿಗೆ ಹಿಂಡ್ತಾರೆ, ಸೋಯಾ ಸಾಸಿಗೆ ಸೇರಿಸಿ ಅದ್ದಿಕೊಂಡು ತಿಂತಾರೆ. ನಮ್ಮಲ್ಲಿ ಬಂಗುಡೆ ಫ್ರೈಗೂ ಆಗ್ತದೆ, ಮೀನು ತಿನ್ನದವರ ಮನೆಯಲ್ಲಿ ಸಾರಿಗೆ, ಚಿತ್ರಾನ್ನಕ್ಕೆ ಒಲೆಯಿಂದ ಇಳಿಸಿದ ಮೇಲೆ ಹಿಂಡಿದ್ರೆ ಕಿತ್ತಳೆಯ ಪರಿಮಳವೂ ಬರ್ತದೆ. ಶರಬತ್ತು ಮಾಡುವಾಗ ಇಡೀ ಹಣ್ಣು ಮಿಕ್ಸಿಗೆ ಹಾಕ್ಬೇಡಿ, ಬೀಜ ಅರೆದ್ರೆ ಕಹಿ. ಉಪ್ಪಿನಕಾಯಿ ಸುಲಭ, ಸಣ್ಣದಲ್ವಾ, ನಾಲ್ಕು ಸೀಳು ಮಾಡಿ ಬೀಜ ತೆಗೆದು ಉಪ್ಪು ತುಂಬಿಸಿಟ್ರೆ ಆಯ್ತು, ಸಿಪ್ಪೆ ತೆಳು ಆದ ಕಾರಣ ಬೇಗ ಮೆತ್ತಗಾಗ್ತದೆ. ಹಣ್ಣು ರಾಶಿ ಇದ್ರೆ ಮಾರ್ಮಲೇಡ್, ಅಂದ್ರೆ ಸಿಪ್ಪೆ ಸೇರಿಸಿದ ಜಾಮ್ ಮಾಡಿ, ಬೀಜ ಬಿಸಾಡದೆ ಬಟ್ಟೆಯಲ್ಲಿ ಕಟ್ಟಿ ಒಟ್ಟಿಗೆ ಬೇಯಿಸಿ ಆಮೇಲೆ ತೆಗೆಯಿರಿ, ಗಟ್ಟಿಯಾಗಿಸುವ ಪೆಕ್ಟಿನ್ ಬೀಜದಲ್ಲೂ ಉಂಟು. ಹಿಂಡಿದ ಸಿಪ್ಪೆಗೆ ಉಪ್ಪು ಹಾಕಿ ಉಜ್ಜಿದ್ರೆ ಹಿತ್ತಾಳೆ ದೀಪ ಬೆಳಗ್ತದೆ. ಪುನರ್ಪುಳಿ, ಬೀಂಬುಳಿ ಎಲ್ಲ ಇರುವ ಊರಲ್ಲಿ ಹುಳಿಗೆ ಬರಗಾಲ ಇಲ್ಲ ನಿಜ, ಆದ್ರೆ ಇದು ಹೆಚ್ಚುಕಮ್ಮಿ ವರ್ಷಪೂರ್ತಿ ಕಾಯಿ ಬಿಡ್ತದಲ್ವಾ.

ಪ್ರಶ್ನೆ: ನಮ್ಮದೂ ಅದೇ ಗಿಡ. ಮಳೆಗಾಲದಲ್ಲಿ ಎಲೆ ಹಳದಿಯಾಗಿ ಉದುರ್ತದೆ, ಉಳಿದದ್ದನ್ನು ಹುಳ ತಿಂತದೆ.
- ಮತ್ತೊಬ್ಬರು, ಕುಂಬಳೆ

ಉತ್ತರ: ಮೊದ್ಲು ಚಟ್ಟಿಯ ತೂತು ನೋಡಿ, ನೀರು ನಿಂತ್ರೆ ಬೇರು ಕೊಳೀತದೆ. ನಮ್ಮ ಆಟಿಯ ಮಳೆಗೆ ಮಾಡಿನ ಅಂಚಿಗೆ ಸರಿಸಿಡುದೇ ಒಳ್ಳೆದು, ಬಿಸಿಲು ಬಂದ್ರೆ ಪುನಃ ಹೊರಗೆ. ಹುಳ ಹೆಚ್ಚಾಗಿ ನಿಂಬೆ ಚಿಟ್ಟೆಯ ಮರಿ, ಮೊದ್ಲು ಕಪ್ಪು ಬಿಳಿ, ದೊಡ್ಡದಾದ ಮೇಲೆ ಹಸಿರು. ಒಂದು ಚಟ್ಟಿಗೆ ಯಾಕೆ ಮದ್ದು, ಕೈಯಲ್ಲೇ ಹೆಕ್ಕಿ. ಹಿತ್ತಿಲಲ್ಲಿ ಕಾಡುಲಿಂಬೆ ಇದ್ರೆ ಅದರ ಮೇಲೆ ಬಿಡಿ.