ಎಣ್ಣೆಗೆ ಬೇಲಿ ಗೊತ್ತಿಲ್ಲ

ನಮಸ್ಕಾರ.

1940ರ ಹಾಲಿವುಡ್ ಚಿತ್ರ ‘ಬೂಮ್ ಟೌನ್’ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಹತ್ತನೇ ಪ್ಯಾರಾಕ್ಕೆ ಬಂದಾಗ ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ತಕರಾರು. ‘ಸಿನಿಮಾ ಬದುಕಿನ ಕನ್ನಡಿ’ ಎಂಬ ಮೊದಲ ಸಾಲು ತೆಗೆಯಿರಿ. ತಿಂಗಳಿಗೆ ಐದಾರು ಸಲ ಅದು ನನ್ನ ಮೇಜಿಗೆ ಬರುತ್ತದೆ. ಆಮೇಲೆ ಎಂಟು ಪ್ಯಾರಾ ಬರೀ ಕಥೆ. ನೆಲದಡಿಯ ಕಚ್ಚಾ ಎಣ್ಣೆ ಹುಡುಕಿ ತೆಗೆಯುವ ಬಿಗ್ ಜಾನ್ (ಕ್ಲಾರ್ಕ್ ಗೇಬಲ್), ಸ್ಕ್ವೇರ್ ಜಾನ್ ಎಂಬ ಇಬ್ಬರು ಪಾಲುದಾರರು, ಇಬ್ಬರೂ ಮೆಚ್ಚಿದ ಒಬ್ಬಳೇ ಬೆಟ್ಸಿ, ನಾಣ್ಯ ಚಿಮ್ಮಿ ಆಸ್ತಿ ತೀರ್ಮಾನ, ಇವತ್ತು ಕೋಟ್ಯಧಿಪತಿ ನಾಳೆ ಬೀದಿಪಾಲು. ಇಷ್ಟು ನಾಲ್ಕು ಸಾಲಲ್ಲಿ ಮುಗಿಯುತ್ತದೆ.

ತಪ್ಪುಗಳೂ ಇವೆ. ಕಥೆ ಶುರುವಾಗುವುದು ಒಕ್ಲಹೋಮಾದಲ್ಲಲ್ಲ, ಟೆಕ್ಸಾಸ್‌ನ ಬರ್ಕ್‌ಬರ್ನೆಟ್‌ನಲ್ಲಿ. 1918ರಲ್ಲಿ ಅಲ್ಲಿ ನಿಜವಾಗಿಯೂ ಎಣ್ಣೆ ಸಿಕ್ಕಿ ಜನ ಮುಗಿಬಿದ್ದಿದ್ದರು. ಚಿತ್ರಕ್ಕೆ ಆಸ್ಕರ್ ಬರಲಿಲ್ಲ, ಛಾಯಾಗ್ರಹಣಕ್ಕೂ ಸ್ಪೆಷಲ್ ಎಫೆಕ್ಟ್ಸ್‌ಗೂ ನಾಮನಿರ್ದೇಶನ ಮಾತ್ರ. ಇನ್ನು ‘ಕ್ಲಾರ್ಕ್ ಗೇಬಲ್ ಪರಕಾಯ ಪ್ರವೇಶ ಮಾಡಿದ್ದಾರೆ’. ಅಯ್ಯೋ, ಬೇಡ. ಗೇಬಲ್ ಅಪ್ಪ ಎಣ್ಣೆಬಾವಿ ತೋಡುವ ಕೆಲಸದವರು. ಗೇಬಲ್ ಕೂಡ ಹರೆಯದಲ್ಲಿ ಒಕ್ಲಹೋಮಾದ ಎಣ್ಣೆ ಬಯಲಲ್ಲಿ ದುಡಿದವರು. ಇದನ್ನು ಬರೆಯಿರಿ, ಹೊಗಳಿಕೆ ತಾನೇ ಬರುತ್ತದೆ.

ಈಗ ಆ ಹತ್ತನೇ ಪ್ಯಾರಾ. ಕೊನೆಗೆ ಬಿಗ್ ಜಾನ್ ಮೇಲೆ ಏಕಸ್ವಾಮ್ಯ ವಿರೋಧಿ ಕಾನೂನಿನಡಿ ಕೇಸು ಬೀಳುತ್ತದೆ. ಹಗೆಯಾಗಿದ್ದ ಸ್ಕ್ವೇರ್ ಜಾನ್ (ಸ್ಪೆನ್ಸರ್ ಟ್ರೇಸಿ) ಸಾಕ್ಷಿಕಟ್ಟೆಗೆ ಬಂದು, ‘ಇವನು ಎಣ್ಣೆಯನ್ನು ಮುಂದಿನವರಿಗಾಗಿ ನೆಲದಲ್ಲೇ ಉಳಿಸಲು ನೋಡಿದವನು’ ಎಂಬ ಅರ್ಥದ ಮಾತಾಡುತ್ತಾನೆ. ನೀವು ಇದನ್ನು ‘ಗೆಳೆತನ ಗೆದ್ದಿತು’ ಎಂದು ಮುಗಿಸಿಬಿಟ್ಟಿರಿ. ಆದರೆ ಅವನು ಯಾಕೆ ಆ ಮಾತನ್ನೇ ಆಡಿದ?

ಆಗಿನ ಟೆಕ್ಸಾಸ್‌ನಲ್ಲಿ ಮೇಲೆತ್ತಿದವನಿಗೇ ಎಣ್ಣೆ. ನಿಮ್ಮ ನೆಲದಡಿ ಇದ್ದದ್ದು ಪಕ್ಕದವನ ಬಾವಿಗೆ ಹರಿದರೆ ಅದು ಅವನದು. ಪಕ್ಕದ ತೋಟದವರು ಬೋರ್ ಕೊರೆಸಿದ ಮೇಲೆ ತಮ್ಮದು ಬತ್ತಿದ್ದನ್ನು ಕಂಡ ನಮ್ಮ ಓದುಗರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಎಲ್ಲರೂ ಒಟ್ಟಿಗೇ ಎತ್ತುತ್ತಿದ್ದರು. ಬೆಲೆ ಕುಸಿಯುತ್ತಿತ್ತು. ಒಳಗಿನ ಅನಿಲದ ಒತ್ತಡ ಹೋಗಿ ಎಷ್ಟೋ ಎಣ್ಣೆ ಕೆಳಗೇ ಸಿಕ್ಕಿಕೊಳ್ಳುತ್ತಿತ್ತು. 1930ರಲ್ಲಿ ಪೂರ್ವ ಟೆಕ್ಸಾಸ್‌ನಲ್ಲಿ ಭಾರೀ ನಿಕ್ಷೇಪ ಸಿಕ್ಕಿತು. ಮರುವರ್ಷ ಅಲ್ಲಿನ ಬಾವಿ ಮುಚ್ಚಿಸಲು ಗವರ್ನರ್ ರಾಸ್ ಸ್ಟರ್ಲಿಂಗ್ ಸೈನಿಕರನ್ನೇ ಕಳಿಸಬೇಕಾಯಿತು. 1940ರ ಪ್ರೇಕ್ಷಕರಿಗೆ ಇದೆಲ್ಲ ಹಳೇ ಪೇಪರಿನ ಸುದ್ದಿ.

ಹೀಗೆ ನೋಡಿದರೆ ಇಬ್ಬರ ಜಗಳವೂ ಬೇರೆಯಾಗಿ ಕಾಣುತ್ತದೆ ಅಲ್ವಾ? ದುಡ್ಡು ಕೊಡದೆ, ಬಾವಿ ಕೊರೆಯುವ ಸಲಕರಣೆ ಮಾರುವ ಲೂಥರ್ ಆಲ್ಡ್ರಿಚ್‌ನ ಸಾಮಾನು ಹೊತ್ತೊಯ್ಯುವ ಅವಸರ ಬರೀ ತಮಾಷೆಯಲ್ಲ, ತಡಮಾಡಿದರೆ ಎಣ್ಣೆ ಇನ್ನೊಬ್ಬರ ಪಾಲು. ಬೆಟ್ಸಿ ಜಗಳದ ಒಂದು ಕಾರಣ, ಸರಿ. ಇನ್ನೊಂದು ಕಾರಣ ಕಾಲಡಿಯಲ್ಲೇ ಇದೆ, ನೀವು ಅದರ ಮೇಲೆ ನಡೆದು ಹೋಗಿದ್ದೀರಿ.

ನ್ಯಾಯಾಲಯದಿಂದಲೇ ಶುರುಮಾಡಿ ಮತ್ತೆ ಬರೆಯಿರಿ. 800 ಪದ ಸಾಕು. ಚಿತ್ರದ ಇನ್ನೊಬ್ಬ ನಟಿ ಹೆಡಿ ಲಮಾರ್ ಅವರ ಗುಪ್ತ ರೇಡಿಯೋ ಸಂಪರ್ಕದ 1942ರ ಪೇಟೆಂಟ್ ಬಗ್ಗೆ ಸುಮ್ನೆ ತುರುಕಿದ ಪ್ಯಾರಾ ಚೆನ್ನಾಗಿಯೇ ಇದೆ. ಅದನ್ನು ಬೇರೆ ಲೇಖನವಾಗಿ ಕಳಿಸಿ.